ನೋಡೋಕೆ ಬಂದವ್ರಿಗೂ ತಲೆ ಇದೆ: ಥ್ರಿಲ್ಲರ್, ಕಾಮಿಡಿ ಮಾಡೋರಿಗೆ ಶಿರಸಿಯಿಂದ ಒಂದು ಬಹಿರಂಗ ಪತ್ರ

ಗೆ,
ಕನ್ನಡದಲ್ಲಿ ಥ್ರಿಲ್ಲರ್ ಮತ್ತು ಕಾಮಿಡಿ ಸಿನಿಮಾ ಮಾಡುವ ನಿರ್ಮಾಪಕರು, ನಿರ್ದೇಶಕರು, ಕಥೆ-ಸಂಭಾಷಣೆ ಬರೆಯುವವರು ಹಾಗೂ ವಿತರಕರಿಗೆ

ಮಾನ್ಯರೇ,

ಶಿರಸಿಯಿಂದ ನಮಸ್ಕಾರ. ಅಡಿಕೆ ವಖಾರಿ (ಅಡಿಕೆ ವ್ಯಾಪಾರದ ಮಳಿಗೆ) ಒಂದ್ರಲ್ಲಿ ಲೆಕ್ಕ ಬರೆಯೋ ಕೆಲ್ಸ ನಂದು, ಸಿನಿಮಾ ಬಗ್ಗೆ ಓದಿ ಕಲಿತವನಲ್ಲ, ಆದ್ರೆ ದುಡ್ಡು ಕೊಟ್ಟು ಟಿಕೆಟ್ ತಗೊಂಡು ಕೊನೇವರೆಗೂ ಕೂತು ನೋಡೋವ್ನು, ಮನೆಯವ್ರನ್ನೂ ಕರ್ಕೊಂಡು ಹೋಗೋವ್ನು. ನಂಗೆ ಇಷ್ಟ ಆಗೋದು ಎರಡು ನಮೂನೆ ಸಿನಿಮಾ, ಒಂದು ಕೊಲೆ, ಪತ್ತೇದಾರಿಕೆ, ಸಸ್ಪೆನ್ಸ್ ಇರೋದು, ಇನ್ನೊಂದು ನಗಿಸೋದು. ನಮ್ಮ ಬದಿ ಹೆಚ್ಚಿನ ಜನಕ್ಕೂ ಅದೇ ಬೇಕು. ಅಡಿಕೆ ಕೊನೆಕೊಯ್ಲು ಟೈಮಲ್ಲಿ ಯಾರಿಗೂ ಸೌಡು (ಪುರುಸೊತ್ತು) ಇರೋದಿಲ್ಲ, ಮಳೆಗಾಲದಲ್ಲಿ ಸ್ವಲ್ಪ ಬಿಡುವು ಸಿಕ್ಕಾಗ ಒಂದು ಸಿನಿಮಾ ಅಂತ ಪ್ಯಾಟೆಗೆ ಬರ್ತಾರೆ, ಬಂದವ್ರು ಖುಷಿಯಾಗಿ ಮನೆಗೆ ಹೋಗ್ಬೇಕು ಅನ್ನೋದು ನನ್ನ ಆಸೆ. ಈಗೀಗ ಹಾಗೆ ಆಗ್ತಾ ಇಲ್ಲ. ನೋಡೋಕೆ ಬಂದವ್ರಿಗೂ ತಲೆ ಇದೆ ಅನ್ನೋದನ್ನ ನೀವು ಮರೀತಾ ಇದ್ದೀರಿ ಅಂತ ನಂಗೆ ಅನ್ಸಿದೆ, ಅದಕ್ಕೇ ಈ ಪತ್ರ.

ಮೊದ್ಲು ಥ್ರಿಲ್ಲರ್ ವಿಷ್ಯ. ಈಚೆಗೆ ಒಂದು ನೋಡ್ದೆ, ಹೆಸರು ಬೇಡ, ಒಬ್ರನ್ನೇ ದೂರೋದು ನನ್ನ ಉದ್ದೇಶ ಅಲ್ಲ, ಇದೇ ಥರದವು ಸುಮಾರು ಬಂದಿವೆ. ಫಸ್ಟ್ ಹಾಫ್ ನಿಜಕ್ಕೂ ಚೆನ್ನಾಗಿತ್ತು. ಮಳೆ, ಹೊಳೆ ದಂಡೆಲಿ ಒಂದು ಹೆಣ, ಕಾಲಲ್ಲಿ ಒಂದೇ ಚಪ್ಪಲಿ. ಇನ್ನೊಂದು ಚಪ್ಪಲಿ ಎಲ್ಲಿ ಹೋಯ್ತು ಅಂತ ಇಡೀ ಥೇಟರೇ ಮನಸ್ಸಲ್ಲಿ ಹುಡುಕ್ತಾ ಇತ್ತು. ಇಂಟರ್ವಲ್‌ನಲ್ಲಿ ಕವಳ (ಎಲೆ-ಅಡಿಕೆ) ಹಾಕೋಕೆ ಅಂತ ಹೊರಗೆ ಬಂದವ್ರೆಲ್ಲ ಅದೇ ಮಾತು, ಒಬ್ರು ಆ ಡಾಕ್ಟ್ರೇ ಮಾಡಿದ್ದು ಅಂತಾರೆ, ಇನ್ನೊಬ್ರು ಇಲ್ಲ ಮಾರಾಯ್ರೆ ಆ ಮೀನಿನ ಟೆಂಪೋದವನ ಮುಖ ನೋಡಿದ್ರಾ ಅಂತಾರೆ, ಗುರುತು ಪರಿಚಯ ಇಲ್ದೋರೂ ಸೇರ್ಕೊಂಡು ವಾದ ಮಾಡ್ತಾ ನಿಂತಿದ್ರು. ಥೇಟರಿಗೆ ಬಂದು ನೋಡೋ ಸುಖ ಅಂದ್ರೆ ಅದೇ ಅಲ್ವಾ, ಮನೆಲಿ ಒಬ್ಬನೇ ಮೊಬೈಲ್ ಹಿಡ್ಕೊಂಡು ಕೂತ್ರೆ ಅದು ಸಿಗೋದಿಲ್ಲ. ಆಮೇಲೆ ಏನಾಯ್ತು ಕೇಳಿ. ಇನ್ನು ಹದಿನೈದು ನಿಮಿಷ ಇದೆ ಅನ್ನೋವಾಗ ಒಬ್ಬ ಬಂದ, ಅಲ್ಲೀತನಕ ಒಂದು ಸೀನಲ್ಲೂ ಇಲ್ದೋನು, ಒಂದು ಫೋಟೋದಲ್ಲೂ ಕಾಣದೋನು, ಅವನೇ ಕೊಲೆಗಾರ ಅಂತೆ. ಪಕ್ಕದಲ್ಲಿ ಕೂತಿದ್ದ ಆಯಿ "ಇವ ಯಾವನೋ ತಮಾ, ಇಷ್ಟೊತ್ತನಕ ಬೈಂದ್ನೇ ಇಲ್ಲೆ" ಅಂದ್ಲು, ಅಂದ್ರೆ ಇಷ್ಟು ಹೊತ್ತು ಬಂದೇ ಇಲ್ವಲ್ಲ ಅಂತ. ಹಿಂದಿನ ಸೀಟಿನವ್ರು ಎದ್ದೇ ಹೋದ್ರು. ಆ ಚಪ್ಪಲಿ ಎಲ್ಲಿ ಹೋಯ್ತು ಅಂತ ಸಿನಿಮಾ ಮುಗಿದ್ರೂ ಯಾರೂ ಹೇಳ್ಲಿಲ್ಲ.

ಸ್ವಾಮಿ, ಇದು ಮೋಸ. ನಾವು ಎರಡು ಗಂಟೆ ಒಂದೊಂದೇ ಸುಳಿವು ಕೂಡಿಸ್ಕೊಂಡು ಕೂತಿರ್ತೀವಿ, ನೀವು ಲೆಕ್ಕದಲ್ಲೇ ಇಲ್ದೋನನ್ನ ತಂದು ನಿಲ್ಲಿಸಿ ಇವನೇ ಅಂದ್ರೆ ಅದು ಸಸ್ಪೆನ್ಸ್ ಆಗೋದಿಲ್ಲ. ಕೊಲೆಗಾರ ಮೊದಲರ್ಧದಲ್ಲೇ ನಮ್ಮ ಕಣ್ಣೆದುರು ಓಡಾಡಿರಬೇಕು, ನಾವೇ ಗಮನ ಕೊಡದೆ ಬಿಟ್ಟಿರಬೇಕು, ಕೊನೆಗೆ ಗೊತ್ತಾದಾಗ ಅಯ್ಯೋ ಆ ಸೀನಲ್ಲೇ ತೋರ್ಸಿದ್ರಲ್ಲ ಅಂತ ಅನ್ಸಬೇಕು. ಹಾಗಾದಾಗ ಅದೇ ಸಿನಿಮಾನ ಎರಡನೇ ಸಲ ನೋಡೋಕೆ ನಾವೇ ಬರ್ತೀವಿ.

ಅದಕ್ಕಿಂತ ಬೇಜಾರಿನ ಸಂಗತಿ ಇನ್ನೊಂದು. ಕೊಲೆ ಯಾಕೆ ಮಾಡ್ದ ಅಂತ ಕಾರಣ ಸಿಗದೇ ಹೋದಾಗೆಲ್ಲ ಅವನಿಗೆ ಮಾನಸಿಕ ಕಾಯಿಲೆ ಇತ್ತು ಅಂತ ಒಂದು ಫ್ಲ್ಯಾಶ್‌ಬ್ಯಾಕ್ ಹಾಕಿ ಕೈ ತೊಳ್ಕೊಳ್ತೀರಿ. ಥೇಟರಲ್ಲಿ ಕೂತೋರ ಮನೇಲೂ ಅಂಥ ಕಾಯಿಲೆಗೆ ಮಾತ್ರೆ ತಗೊಳ್ತಾ ಇರೋರು ಇರ್ತಾರೆ, ಅವ್ರು ಯಾರನ್ನೂ ಕೊಂದೋರಲ್ಲ, ಮೊದ್ಲೇ ಊರಿನವ್ರ ಮಾತಿಗೆ ಹೆದ್ರಿ ಡಾಕ್ಟ್ರ ಹತ್ರ ಹೋಗೋಕೆ ಹಿಂದೆ ಮುಂದೆ ನೋಡೋರು, ನಿಮ್ಮ ಸಿನಿಮಾ ನೋಡಿದ್ಮೇಲೆ ಇನ್ನೂ ಮುದುಡ್ಕೊಳ್ತಾರೆ. 2004ರಲ್ಲಿ ಬಂದ ಆಪ್ತಮಿತ್ರ ನೆನಪು ಮಾಡ್ಕೊಳ್ಳಿ. 1993ರ ಮಲಯಾಳಂ ಸಿನಿಮಾದ ರೀಮೇಕೇ ಆದ್ರೂ ನಮ್ಮ ಜನ ಅದನ್ನ ನಮ್ದೇ ಅಂತ ಅಪ್ಕೊಂಡ್ರು. ಅಲ್ಲೂ ಕತೆ ನಿಂತಿರೋದು ಮನಸ್ಸಿನ ಕಾಯಿಲೆ ಮೇಲೇನೇ, ಆದ್ರೆ ಸೌಂದರ್ಯ ಮಾಡಿದ ಆ ಪಾತ್ರವನ್ನ ವಿಷ್ಣುವರ್ಧನ್ ಅವ್ರ ಡಾಕ್ಟ್ರು ಪೇಷಂಟ್ ಅಂತ ನೋಡ್ತಾರೆ, ಹೇಗಾದ್ರೂ ಮಾಡಿ ಅವಳನ್ನ ಉಳಿಸ್ಬೇಕು ಅಂತ ಒದ್ದಾಡ್ತಾರೆ. ಸುಳಿವುಗಳೂ ಮೊದಲಿಂದ ಅಲ್ಲೇ ಇವೆ. ನಡುವೆ ದ್ವಾರಕೀಶ್ ಅವ್ರು ನಗಿಸ್ತಾರೆ, ಆ ನಗು ಬರೋದೂ ಅದೇ ಮನೆಯ ಭಯದಿಂದ, ಬೇರೆ ಕಡೆಯಿಂದ ತಂದು ಅಂಟಿಸಿದ್ದಲ್ಲ. ಹೆದರಿಕೆ, ನಗು ಎರಡೂ ಒಂದೇ ಕತೆಲಿ ಹೇಗಿರ್ಬೇಕು ಅನ್ನೋಕೆ ಕನ್ನಡದಲ್ಲೇ ಇಷ್ಟು ಒಳ್ಳೆ ಉದಾಹರಣೆ ಇರೋವಾಗ ನೀವು ಯಾಕೆ ಅತ್ತ ನೋಡೋದಿಲ್ಲ ಅನ್ನೋದು ನಂಗೆ ಅರ್ಥ ಆಗೋದಿಲ್ಲ.

ಸಸ್ಪೆನ್ಸ್ ಅಂದ್ರೆ ಎಲ್ಲಾ ಮುಚ್ಚಿಡೋದು ಅಂತ ಯಾರೋ ನಿಮಗೆ ಹೇಳ್ಕೊಟ್ಟ ಹಾಗಿದೆ. ದೃಶ್ಯ ಅನ್ನೋ ಸಿನಿಮಾನೇ ನೋಡಿ. 2013ರಲ್ಲಿ ಜೀತು ಜೋಸೆಫ್ ಮಲಯಾಳಂನಲ್ಲಿ ಮಾಡಿದ್ರು, ಮರುವರ್ಷ ಪಿ. ವಾಸು ಅವ್ರು ರವಿಚಂದ್ರನ್ ಅವ್ರನ್ನ ಹಾಕ್ಕೊಂಡು ಕನ್ನಡಕ್ಕೆ ತಂದ್ರು, 2015ರಲ್ಲಿ ಹಿಂದಿ ಬಂತು, ಆ ಹಿಂದಿ ಕತೆ ನಡೆಯೋದು ನಮ್ಮ ಕಾರವಾರ ದಾಟಿದ್ರೆ ಸಿಗೋ ಗೋವಾದಲ್ಲೇ, ಕಾರವಾರದ ನನ್ನ ದೋಸ್ತರಿಗೆ ಪಣಜಿ ಅಂದ್ರೆ ಇವತ್ತಿಗೂ ಅಕ್ಟೋಬರ್ 2 ನೆನಪಾಗ್ತದೆ, ಆ ದಿನ ನಾವು ಪಣಜಿಲಿ ಇದ್ವಿ ಅಂತಾನೇ ಕತೆಯ ಮನೆಯವ್ರು ಪೊಲೀಸ್ರಿಗೆ ಹೇಳೋದು. ಆ ಕತೆಲಿ ಯಾರು ಸತ್ರು, ಹೇಗೆ ಸತ್ರು, ಯಾರ ಕೈಲಿ ಸತ್ರು ಎಲ್ಲಾ ನಮಗೆ ನಡುವಲ್ಲೇ ಗೊತ್ತು. ಗೊತ್ತಿಲ್ದೇ ಇರೋದು ಪೊಲೀಸ್ರಿಗೆ. ಆದ್ರೂ ಕೊನೇವರೆಗೂ ಉಸಿರು ಬಿಗಿ ಹಿಡ್ಕೊಂಡು ಕೂತಿರ್ತೀವಿ, ಯಾಕಂದ್ರೆ ನಿರ್ದೇಶಕರು ಗುಟ್ಟನ್ನ ನಮ್ಮ ಕೈಗೇ ಕೊಟ್ಟಿದ್ದಾರೆ, ನಾವೂ ಆ ಮನೆಯವ್ರ ಜೊತೆ ಸೇರ್ಕೊಂಡಿದ್ದೀವಿ. ಇನ್ನೊಂದು ನೋಡಿ, ಆ ಕತೆಯ ಹೀರೋ ಯಾರು? ಹೆಚ್ಚು ಓದದ ಒಬ್ಬ ಕೇಬಲ್ ಆಪರೇಟರ್. ಅವನ ಬುದ್ಧಿಯೆಲ್ಲ ಬಂದಿದ್ದು ಸಿನಿಮಾ ನೋಡಿ ನೋಡಿ. ಅಂದ್ರೆ ಟಿಕೆಟ್ ತಗೊಂಡು ಸಿನಿಮಾ ನೋಡೋ ಸಾಮಾನ್ಯ ಮನುಷ್ಯ ಇಡೀ ಪೊಲೀಸ್ ಇಲಾಖೆಗಿಂತ ಹುಷಾರು ಅಂತ ನಂಬಿ ಬರೆದ ಕತೆ ಅದು. ಭಾಷೆ ಭಾಷೆಲೂ ಅದು ಗೆದ್ದಿದ್ದು ಆ ನಂಬಿಕೆಯಿಂದ್ಲೇ ಅಂತ ನನ್ನ ಅಭಿಪ್ರಾಯ.

ಹಾಗಂತ ದೊಡ್ಡ ಕೊಲೆ, ದೊಡ್ಡ ಷಡ್ಯಂತ್ರನೇ ಬೇಕು ಅಂತ ಇಲ್ಲ. ಪವನ್ ಕುಮಾರ್ ಅವ್ರ ಯೂ ಟರ್ನ್ 2016ರಲ್ಲಿ ಬಂದಾಗ ಕತೆ ಶುರುವಾಗಿದ್ದೇ ಬೆಂಗಳೂರಿನ ಒಂದು ಫ್ಲೈಓವರ್ ಮೇಲೆ ನಡುವಿನ ಕಲ್ಲು ಸರಿಸಿ ಬೈಕ್ ತಿರುಗಿಸ್ಕೊಂಡು ಹೋಗೋರಿಂದ. ಎಲ್ಲಾ ಊರಲ್ಲೂ ಜನ ದಿನಾ ಮಾಡೋ ತಪ್ಪು. ನೋಡಿ ಬಂದ್ಮೇಲೆ ನಮ್ಮ ದೇವಿಮನೆ ಘಟ್ಟದ ತಿರುವಲ್ಲಿ ಓವರ್‌ಟೇಕ್ ಮಾಡೋರನ್ನ ಕಂಡಾಗೆಲ್ಲ ನಂಗೆ ಅದೇ ನೆನಪಾಗೋದು. ಹಾಡು ಬೇಕೇಬೇಕು ಅಂತಾನೂ ಇಲ್ಲ, ಸುನೀಲ್ ಕುಮಾರ್ ದೇಸಾಯಿ ಅವ್ರು 1989ರಲ್ಲೇ ಶಂಕರನಾಗ್ ಅವ್ರನ್ನ ಇಟ್ಕೊಂಡು ತರ್ಕ ಅನ್ನೋ ಸಿನಿಮಾ ಮಾಡಿದ್ರು, ಒಂದು ಹಾಡೂ ಇಲ್ಲ, ಜನ ನೋಡ್ಲಿಲ್ವಾ? ಇವತ್ತು ಹೆಣದ ಸೀನಿಗೂ ಪೋಸ್ಟ್‌ಮಾರ್ಟಂ ರಿಪೋರ್ಟಿಗೂ ನಡುವೆ ಒಂದು ಡ್ಯುಯೆಟ್ ತುರುಕ್ತೀರಿ, ಅಲ್ಲಿಗೆ ಕಟ್ಟಿದ ಭಯ ಎಲ್ಲಾ ನೀರಿಗೆ ಹೋಯ್ತು. ಹಿನ್ನೆಲೆ ಸಂಗೀತದ್ದೂ ಅದೇ ಗೋಳು, ಯಾರಾದ್ರೂ ಬಾಗಿಲು ತೆಗೆದ್ರೂ ಢಂ ಅಂತ ಕಿವಿ ಒಡೆಯೋ ಹಾಗೆ ಹೊಡೀತೀರಿ, ಮುಖ್ಯವಾದ ಮಾತೇ ಕೇಳೋದಿಲ್ಲ. ಆ ಚಪ್ಪಲಿ ತೋರ್ಸಿದಾಗ ಥೇಟರ್ ಪೂರ್ತಿ ನಿಶ್ಶಬ್ದ ಇತ್ತು, ಸಂಗೀತ ಇರ್ಲಿಲ್ಲ, ನಮಗೆ ಹೆದರಿಕೆ ಆಗಿದ್ದು ಆವಾಗ್ಲೇ.

ಟ್ರೇಲರ್ ಬಗ್ಗೆ ಒಂದೇ ಮಾತು. ಮೂರು ನಿಮಿಷದ ಟ್ರೇಲರಲ್ಲಿ ಇಂಟರ್ವಲ್ ಟ್ವಿಸ್ಟ್ ತೋರ್ಸಬೇಡಿ, ಕಾಮಿಡಿ ಆದ್ರೆ ಇರೋ ಒಳ್ಳೆ ಜೋಕನ್ನೆಲ್ಲ ಅದ್ರಲ್ಲೇ ಖರ್ಚು ಮಾಡ್ಬೇಡಿ.

ಈಗ ಕಾಮಿಡಿಗೆ ಬರ್ತೀನಿ, ಇಲ್ಲಿ ನನ್ನ ದೂರು ಇನ್ನೂ ಗಟ್ಟಿ. ಕತೆ ಒಂದು ಕಡೆ, ಕಾಮಿಡಿ ಒಂದು ಕಡೆ. ಹೀರೋ ಜೊತೆ ನಾಲ್ಕು ಜನ ಫ್ರೆಂಡ್ಸು, ಒಬ್ಬ ದಪ್ಪ, ಒಬ್ಬ ಕುಳ್ಳ, ಒಬ್ಬನಿಗೆ ತೊದಲು, ಒಬ್ಬ ಕಪ್ಪು, ಅಷ್ಟೇ ಜೋಕು. ಅದು ಸಾಲದು ಅಂತ ಡಬಲ್ ಮೀನಿಂಗ್. ಪೋಸ್ಟರಲ್ಲಿ ಮಾತ್ರ ದೊಡ್ಡಕ್ಷರದಲ್ಲಿ ಪಕ್ಕಾ ಫ್ಯಾಮಿಲಿ ಎಂಟರ್‌ಟೈನರ್ ಅಂತ ಬರೆದಿರ್ತೀರಿ. ನಂಬ್ಕೊಂಡು ಅಕ್ಕನ ಮಕ್ಕಳನ್ನೂ ಕರ್ಕೊಂಡು ಹೋಗಿದ್ದೆ, ಹೈಸ್ಕೂಲಿಗೆ ಹೋಗೋ ಹುಡುಗಿ ತಲೆ ತಗ್ಗಿಸಿ ಪಾಪ್‌ಕಾರ್ನ್ ಪೊಟ್ಟಣನೇ ನೋಡ್ತಾ ಕೂತಿದ್ಲು, ಭಾವ ಇಂಟರ್ವಲ್‌ಗೆ ಎಬ್ಬಿಸ್ಕೊಂಡು ಹೊರಟ್ರು. ಸೆನ್ಸಾರ್‌ನವ್ರು 2024ರಿಂದ ಯುಎ ಸರ್ಟಿಫಿಕೇಟನ್ನ (ದೊಡ್ಡವ್ರ ಮಾರ್ಗದರ್ಶನದಲ್ಲಿ ಮಕ್ಕಳೂ ನೋಡಬಹುದು ಅನ್ನೋದು) ವಯಸ್ಸಿನ ಪ್ರಕಾರ 7+, 13+, 16+ ಅಂತ ಮೂರು ಮಾಡಿದ್ದಾರೆ, ಒಳ್ಳೆ ಕೆಲ್ಸ, ಆದ್ರೆ ಆ ಅಕ್ಷರ ಪೋಸ್ಟರಿನ ಮೂಲೆಲಿ ಇರುವೆ ಸಾಲಿನ ಹಾಗೆ ಇದ್ರೆ ಬಸ್‌ಸ್ಟ್ಯಾಂಡಲ್ಲಿ ನಿಂತು ನೋಡೋವ್ರಿಗೆ ಏನು ಕಾಣ್ತದೆ? ಹೀರೋ ಹೆಸರಿನಷ್ಟೇ ದೊಡ್ಡದಾಗಿ ಹಾಕಿ. ದೊಡ್ಡವ್ರಿಗೆ ಅಂತ ಮಾಡಿದ್ರೆ ದೊಡ್ಡವ್ರಿಗೆ ಅಂತಾನೇ ಹೇಳಿ, ನೋಡೋರು ನೋಡ್ತಾರೆ, ನನ್ನ ತಕರಾರು ಇರೋದು ಸುಳ್ಳು ಹೇಳಿ ಕರೆಸ್ಕೊಳ್ಳೋದಕ್ಕೆ.

ಮೈಬಣ್ಣ, ಬೊಕ್ಕತಲೆ ಇಟ್ಕೊಂಡು ನಗಿಸಬಾರದು ಅಂತ ನಾನು ಹೇಳ್ತಾ ಇಲ್ಲ. ರಾಜ್ ಬಿ. ಶೆಟ್ಟಿಯವ್ರ ಒಂದು ಮೊಟ್ಟೆಯ ಕಥೆ 2017ರಲ್ಲಿ ಬಂತಲ್ಲ, ಇಡೀ ಸಿನಿಮಾ ಇರೋದೇ ಕೂದಲಿಲ್ಲದ ಒಬ್ಬ ಕನ್ನಡ ಲೆಕ್ಚರರ್ ಮೇಲೆ. ನಾವು ನಕ್ಕಿದ್ದು ಅವನ ಜೊತೆಗೆ, ಅವನಿಗೆ ನೋವಾದಾಗ ನಮಗೂ ನೋವಾಯ್ತು. ನಗಿಸೋದು ಗೊತ್ತಿರೋವ್ರು ಮನುಷ್ಯನನ್ನ ಸಣ್ಣವನನ್ನಾಗಿ ಮಾಡೋದಿಲ್ಲ.

ನಗುವಿನಲ್ಲೂ ಅದೇ ಗುಟ್ಟು ಇರೋದು, ನೋಡೋವ್ರನ್ನ ಜೊತೆಗೆ ಸೇರಿಸ್ಕೊಳ್ಳೋದು. ಫಣಿ ರಾಮಚಂದ್ರ ಅವ್ರ ಗಣೇಶನ ಮದುವೆ 1990ರದ್ದು, ಟೀವಿಲಿ ಬಂದಾಗೆಲ್ಲ ನಮ್ಮನೇಲಿ ಈಗ್ಲೂ ಕೂತು ನೋಡ್ತಾರೆ. ವಠಾರದಲ್ಲಿ ದಿನಾ ಜಗಳ ಆಡೋ ಹುಡುಗಿನೇ ತಾನು ಮೆಚ್ಚಿ ಪತ್ರ ಬರೀತಾ ಇರೋ ಗಾಯಕಿ ಅಂತ ಅನಂತನಾಗ್ ಅವ್ರ ಗಣೇಶನಿಗೆ ಗೊತ್ತಿಲ್ಲ, ನಮಗೆ ಗೊತ್ತು. ಅಷ್ಟೇ, ಅದೊಂದರ ಮೇಲೆ ಎಷ್ಟು ನಗು! ಒಬ್ಬರ ಮೈಯನ್ನೂ ಆಡ್ಕೊಂಡಿಲ್ಲ, ಒಂದು ಕೆಟ್ಟ ಮಾತಿಲ್ಲ. ಯಕ್ಷಗಾನ ನೋಡಿ ಬೆಳೆದ ನಮ್ಮ ಜಿಲ್ಲೆಯವ್ರಿಗೆ ಇದು ಹೊಸದೂ ಅಲ್ಲ. ನಳದಮಯಂತಿ ಪ್ರಸಂಗದಲ್ಲಿ ಹಾಸ್ಯಗಾರರು ಬಾಹುಕ ಮಾಡ್ತಾರೆ, ಅಡ್ಡಾದಿಡ್ಡಿ ಕುಣೀತಾ ಬರೋ ಆ ಕುರೂಪಿನೇ ನಳ ಮಹಾರಾಜ ಅಂತ ಎದುರು ಕೂತ ಮಕ್ಕಳಿಗೂ ಗೊತ್ತು. ಬಿದ್ದು ಬಿದ್ದು ನಗ್ತಾ ಇರೋವಾಗ್ಲೇ ದಮಯಂತಿ ಹೆಸರು ಬರ್ತದೆ, ಅವ ಒಂದು ಗಳಿಗೆ ಸುಮ್ಮನಾಗ್ತಾನೆ, ನಗ್ತಾ ಇದ್ದೋರ ಕಣ್ಣೇ ಒದ್ದೆ ಆಗ್ತದೆ. ಹಾಸ್ಯಗಾರ ಪ್ರಸಂಗದ ಒಳಗೇ ಇರ್ತಾನೆ, ಕತೆ ನಿಲ್ಲಿಸಿ ಜೋಕ್ ಹೇಳಿ ಹೋಗೋದಿಲ್ಲ. ನಿಮ್ಮಲ್ಲಿ ಕಾಮಿಡಿ ಟ್ರ್ಯಾಕ್ ಬರೆಯೋರು ಯಾರೇ ಇರ್ಲಿ, ಒಂದು ರಾತ್ರಿ ಗುಣವಂತೆಗೋ ಇಡಗುಂಜಿಗೋ ಬಂದು ಆಟ ನೋಡಿ ಅಂತ ನಾನು ನಿಜವಾಗ್ಲೂ ಕೇಳ್ಕೊಳ್ತೀನಿ.

ನಮ್ಮ ಮಾತಿನ ಬಗ್ಗೆನೂ ಹೇಳ್ಲೇಬೇಕು. ನಿಮ್ಮ ಕಾಮಿಡಿಗಳಲ್ಲಿ ನಮ್ಮ ಕಡೆಯ ಹವ್ಯಕ ಕನ್ನಡ ಮಾತಾಡೋವ್ನು ಬಂದ್ರೆ ಅವ ಪೆದ್ದ ಭಟ್ಟ, ಇಲ್ಲಾ ಅಡುಗೆಯವ್ನು. ಕೊಂಕಣಿ ಎಳೆ ಇರೋ ಕನ್ನಡ ಮಾತಾಡೋವ್ನು ಜಿಪುಣ. ನಮ್ಮ ಜಿಲ್ಲೆಯ ಹಾಲಕ್ಕಿ ಸಮುದಾಯದ ಹೆಂಗಸರ ಉಡುಪು ಹಾಡಿನ ಹಿಂದೆ ಕುಣಿಸೋಕೆ. ಸುಕ್ರಿ ಬೊಮ್ಮಗೌಡ, ತುಳಸಿ ಗೌಡ ಅಂಥ ಪದ್ಮಶ್ರೀ ಪಡೆದ ಹೆಣ್ಣುಮಕ್ಕಳು ಉಟ್ಟ ಉಡುಪು ಅದು, ಅದನ್ನ ನಗೆಪಾಟಲು ಮಾಡಿದ್ರೆ ನಮಗೆ ಹೊಟ್ಟೆಲಿ ಬೆಂಕಿ ಬೀಳ್ತದೆ. ಊರ ಮಾತಲ್ಲೇ ಮಾಡಿದ ಸಿನಿಮಾ ಇಡೀ ರಾಜ್ಯವೇ ನೋಡ್ತದೆ ಅನ್ನೋದನ್ನ ಜೆ.ಪಿ. ತೂಮಿನಾಡು ಅವ್ರ ಸು ಫ್ರಮ್ ಸೋ 2025ರ ಜುಲೈನಲ್ಲಿ ತೋರ್ಸಿಕೊಟ್ಟಿದೆ. ಕರಾವಳಿಯ ಒಂದು ಹಳ್ಳಿ, ಹುಡುಗನ ಮೈಮೇಲೆ ದೆವ್ವ ಬಂದಿದೆ ಅಂತ ಊರೆಲ್ಲ ನಂಬೋದು, ಅಷ್ಟೇ ಕತೆ. ದೊಡ್ಡ ಸ್ಟಾರ್ ಮುಂದೆ ಇಲ್ಲ. ಅಲ್ಲಿ ಒಬ್ಬೊಬ್ಬರೂ ಅವರವ್ರ ಸ್ವಭಾವಕ್ಕೇ ನಗಿಸ್ತಾರೆ, ಮಂಗಳೂರು ಕಡೆ ಕನ್ನಡ ಅವ್ರ ಮಾತು, ಅವ್ರಿಗೆ ಅದು ಜೋಕಲ್ಲ. ನಗಿಸ್ತಾ ನಗಿಸ್ತಾ ಒಂದು ಹೆಣ್ಣಿನ ಕಷ್ಟದ ಹತ್ರ ಕರ್ಕೊಂಡು ಹೋಗಿ ನಿಲ್ಲಿಸ್ತದೆ. ನಮ್ಮ ಶಿರಸಿ, ಅಂಕೋಲಾ, ಕುಮಟಾದ ಮಾತಲ್ಲೂ ಹಾಗೆ ಒಂದು ಬರ್ಲಿ ಅಂತ ಎಷ್ಟು ಆಸೆ ಇದೆ ಗೊತ್ತಾ ನಮಗೆ. ಯಾಣದ ಬಂಡೆ, ನಮ್ಮ ಕಾಡು, ನಮ್ಮ ಮಳೆ ನಿಮ್ಮ ಕ್ಯಾಮೆರಾಕ್ಕೆ ಬೇಕು, ಹೆಣ ಎಸೆಯೋಕೆ ನಮ್ಮ ಹೊಳೆ ಬೇಕು, ಆದ್ರೆ ಆ ಕಾಡಲ್ಲಿ ಬದುಕೋ ಮನುಷ್ಯರು ಕತೆಲಿ ಬರೋದು ದಾರಿ ತೋರ್ಸೋಕೆ, ಇಲ್ಲಾ ಲಾಟೀನು ಹಿಡ್ಕೊಂಡು ಹೆದರ್ಸೋಕೆ.

ಕೊನೇದಾಗಿ ವಿತರಕರಿಗೆ ಮತ್ತು ಥೇಟರ್ ನಡೆಸೋರಿಗೆ. ಟಿಕೆಟ್ ರೇಟು 200 ದಾಟಬಾರದು ಅಂತ 2025ರ ಸೆಪ್ಟೆಂಬರಲ್ಲಿ ಸರ್ಕಾರ ಆದೇಶ ಮಾಡ್ತು, ಅದೇ ತಿಂಗಳು ಹೈಕೋರ್ಟು ತಡೆ ಕೊಡ್ತು, ಟೀವಿಲೆಲ್ಲ ಅದೇ ಚರ್ಚೆ. ನಮ್ಮ ಬದಿ ಸಿಂಗಲ್ ಸ್ಕ್ರೀನಲ್ಲಿ ರೇಟು ಅಷ್ಟಕ್ಕೆ ಹೋಗೋದೇ ಅಪರೂಪ, ನಮ್ಮ ಕಷ್ಟ ಬೇರೆ. ಸಣ್ಣ ಥ್ರಿಲ್ಲರ್, ಸಣ್ಣ ಕಾಮಿಡಿ ಬದುಕೋದು ನೋಡಿದವ್ರ ಬಾಯಿಮಾತಿಂದ. ಶುಕ್ರವಾರ ನೋಡಿದವ್ನು ಶನಿವಾರ ವಖಾರಿಲಿ ಹೇಳ್ಬೇಕು, ಅದು ಸಿದ್ದಾಪುರಕ್ಕೆ, ಯಲ್ಲಾಪುರಕ್ಕೆ, ಹಳ್ಳಿ ಹಳ್ಳಿಗೆ ಹೋಗಿ ಅವ್ರು ಹೊರಡೋ ಹೊತ್ತಿಗೆ ಮುಂದಿನ ಶುಕ್ರವಾರ ಬಂದಿರ್ತದೆ, ಸಿನಿಮಾ ಎತ್ತಿರ್ತೀರಿ. ರಂಗಿತರಂಗ 2015ರ ಜುಲೈ 3ಕ್ಕೆ ಬಂತು, ಮರುವಾರವೇ ಬಾಹುಬಲಿ, ಸ್ಕ್ರೀನ್ ಕಿತ್ಕೊಂಡ್ರು ಅಂತ ಆವಾಗ ಗಲಾಟೆನೇ ಆಯ್ತು. ಹೊಸಬರ ಸಿನಿಮಾ, ಆದ್ರೂ ನಿಂತಿದ್ದು ಜನರ ಮಾತಿಂದ. ಜನರಿಗೆ ಮಾತಾಡೋಕೆ ಟೈಮೇ ಕೊಡದಿದ್ರೆ ಅಂಥ ಇನ್ನೊಂದು ಸಿನಿಮಾ ಹೇಗೆ ಗೆಲ್ತದೆ?

ಶೋ ಟೈಮ್ ಕೂಡ ಹಾಗೇ. ಒಂದೇ ಶೋ ಕೊಡ್ತೀರಿ, ಅದೂ ರಾತ್ರಿದು, ಮುಗಿಯೋ ಹೊತ್ತಿಗೆ ಹಳ್ಳಿ ಕಡೆ ಕೊನೇ ಬಸ್ಸು ಹೋಗಿ ಎಷ್ಟೋ ಹೊತ್ತಾಗಿರ್ತದೆ. ಹೆಂಗಸರು, ವಯಸ್ಸಾದವ್ರು ಬರೋದು ಹೇಗೆ? ಆಮೇಲೆ ನಮ್ಮೂರಲ್ಲಿ ಜನ ಬರೋದಿಲ್ಲ ಅಂತ ರಿಪೋರ್ಟ್ ಬರೀತೀರಿ. ಓಟಿಟಿಲಿ ನೋಡ್ಕೊಳ್ಳಿ ಅಂತ ಸುಲಭಕ್ಕೆ ಹೇಳ್ತಾರೆ, ಫೋನ್ ಮಾಡೋಕೇ ಮನೆ ಹಿಂದಿನ ಗುಡ್ಡ ಹತ್ತಬೇಕಾದ ಊರುಗಳು ನಮ್ಮ ತಾಲೂಕಲ್ಲಿ ಈಗ್ಲೂ ಇವೆ. ಮಲ್ಟಿಪ್ಲೆಕ್ಸ್‌ಗೆ ಹೋಗೋಣ ಅಂದ್ರೆ ಹುಬ್ಬಳ್ಳಿ ನೂರು ಕಿಲೋಮೀಟರ್.

ನಾನು ಕೇಳೋದು ಇಷ್ಟು. ಸುಳಿವು ಇಟ್ಟು ಕತೆ ಬರೀರಿ, ಕೊಲೆಗಾರನನ್ನ ಮೊದ್ಲೇ ನಮ್ಮ ಕಣ್ಣಿಗೆ ಹಾಕಿ, ಕಾಯಿಲೆಯವ್ರ ತಲೆಗೆ ಕೊಲೆ ಕಟ್ಟಬೇಡಿ, ಯಾವ ವಯಸ್ಸಿನವ್ರಿಗೆ ಅಂತ ಪೋಸ್ಟರಲ್ಲಿ ಕಾಣೋ ಹಾಗೆ ಹಾಕಿ. ನಮ್ಮ ಮಾತಾಡೋ ಪಾತ್ರ ಬೇಕಾದ್ರೆ ನಮ್ಮೂರಿನ ನಾಟಕದವ್ರನ್ನ, ಆಟದವ್ರನ್ನ ಕರೆದು ಮಾಡ್ಸಿ, ಪ್ರತಿಭೆಗೆ ಇಲ್ಲಿ ಬರ ಇಲ್ಲ. ಸಣ್ಣ ಸಿನಿಮಾಕ್ಕೆ ಎರಡು ವಾರ ಆದ್ರೂ ಜಾಗ ಕೊಡಿ, ಅದ್ರಲ್ಲಿ ದಿನಕ್ಕೊಂದು ಮ್ಯಾಟಿನಿ ಇರ್ಲಿ. ಬಿಡುಗಡೆಗೆ ಮುಂಚೆ ಪೇಯ್ಡ್ ಪ್ರೀಮಿಯರ್ ಅಂತ ಊರೂರಲ್ಲಿ ಇಡ್ತೀರಲ್ಲ, ಮುಂದಿನ ಸಲ ಆ ಪಟ್ಟಿಗೆ ಶಿರಸಿ, ಕುಮಟಾ, ಕಾರವಾರ ಸೇರಿಸಿ. ಭಾನುವಾರ ಮಧ್ಯಾಹ್ನದ ಶೋ ಇಟ್ರೆ ಹಳ್ಳಿಯವ್ರನ್ನ ಕರ್ಕೊಂಡು ಬರೋ ಜವಾಬ್ದಾರಿ ನಾನು ಮತ್ತೆ ನಮ್ಮ ವಖಾರಿ ಹುಡುಗ್ರು ತಗೊಳ್ತೀವಿ.

ಇಂತಿ ನಮಸ್ಕಾರಗಳೊಂದಿಗೆ,
ಒಬ್ಬ ಪ್ರೇಕ್ಷಕ
ಶಿರಸಿ, ಉತ್ತರ ಕನ್ನಡ